ಒಂದೇ ಒಂದು ಕಾಯಂ ಹುದ್ದೆ

ಜನವರಿ 9

ಪ್ರೀತಿಯ ಅಪ್ಪ,

ಫೋನಿನಲ್ಲಿ ಹೇಳಿದರೆ ಅರ್ಧ ಮಾತನ್ನು ನಿಮ್ಮ ಹೊಲಿಗೆ ಮೆಷಿನ್ನು ನುಂಗುತ್ತದೆ, ಉಳಿದರ್ಧ ಕೇಳಿಸದಿದ್ದರೂ ನೀವು ಹೂಂ ಅನ್ನುತ್ತೀರಿ. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು, ಕತ್ತರಿ ಕೆಳಗಿಟ್ಟು ಓದಿ.

ನಮ್ಮೂರಿನ ವಿಶ್ವವಿದ್ಯಾಲಯ ಅಧ್ಯಾಪಕರ ಹುದ್ದೆಗಳಿಗೆ ಅರ್ಜಿ ಕರೆದಿದೆ. ಎಂಜಿನಿಯರಿಂಗು, ಕಾನೂನು, ವಾಣಿಜ್ಯ ಎಲ್ಲ ಮುಗಿದ ಮೇಲೆ ಕೊನೆಯ ಪುಟದ ಕೆಳಗೆ ಒಂದು ಸಾಲು: ಕೀಟವಿಜ್ಞಾನ ವಿಭಾಗ, ಸಹಾಯಕ ಪ್ರಾಧ್ಯಾಪಕರು, ಹುದ್ದೆ ಒಂದು, ಕಾಯಂ. ಆ ಕೊನೆಯ ಪದವನ್ನು ನಾನು ಮೂರು ಸಲ ಓದಿದೆ. ಇಲ್ಲಿಯವರೆಗೆ ದುಡಿದ ಐದು ಊರುಗಳಲ್ಲಿ ಎಲ್ಲೂ ಆ ಪದ ನನ್ನ ಹತ್ತಿರ ಸುಳಿದಿಲ್ಲ. ಈಗಿನ ಗುತ್ತಿಗೆ ಮೇ ತಿಂಗಳಿಗೆ ಮುಗಿಯುತ್ತದೆ. ಅರ್ಜಿಗೆ ವಯಸ್ಸು ನಲವತ್ತು ದಾಟಿರಬಾರದು. ಆಗಸ್ಟಿನಲ್ಲಿ ನನಗೆ ನಲವತ್ತಾಗುತ್ತದೆ, ಆಮೇಲೆ ಇಂಥ ಹುದ್ದೆಗಳ ಬಾಗಿಲು ನನಗೆ ಮುಚ್ಚಿದ ಹಾಗೆಯೇ.

ಒಂದು ಭಯವಿದೆ. ಅದೇ ವಿಭಾಗದಲ್ಲಿ ಬಹಳ ವರ್ಷದಿಂದ ತಾತ್ಕಾಲಿಕವಾಗಿ ಪಾಠ ಮಾಡುತ್ತಿರುವವರೊಬ್ಬರು ಇದ್ದಾರಂತೆ. ಇಂಥ ಜಾಹೀರಾತು ಎಂದರೆ ಒಳಗಿನವರ ಅಳತೆಗೇ ಹೊಲಿದ ಅಂಗಿ, ಹೊರಗಿನವರು ಹಾಕಿಕೊಂಡು ನೋಡಿ ಬಿಚ್ಚಿಟ್ಟು ಬರಬೇಕು ಅಷ್ಟೆ, ಎನ್ನುತ್ತಾರೆ ಪ್ರಯೋಗಾಲಯದ ಜೊತೆಯವರು. ಆದರೂ ಹಾಕುತ್ತೇನೆ. ಇರಲಿ ಎಂದು ಸಮುದ್ರದಾಚೆಯ ಒಂದು ಸಂಶೋಧನಾಲಯಕ್ಕೂ ಬರೆದಿದ್ದೇನೆ. ಅದು ಎರಡೇ ವರ್ಷದ ಕೆಲಸ, ಆಮೇಲೆ ಮತ್ತೆ ಇದೇ ಗೋಳು.

ದಯವಿಟ್ಟು ಯಾರಿಗೂ ಹೇಳಬೇಡಿ.

ನಿಮ್ಮ ಮಗಳು


ಜನವರಿ 20

ಇರುವೆ ಡಾಕ್ಟರಿಗೆ, ಅಪ್ಪನ ಆಶೀರ್ವಾದ.

ಯಾರಿಗೂ ಹೇಳಿಲ್ಲ. ಎದುರಿನ ಔಷಧಿ ಅಂಗಡಿಯವನಿಗೆ ಮಾತ್ರ ಹೇಳಿದೆ. ಅವನು ಲೆಕ್ಕಕ್ಕಿಲ್ಲ. ನಿನ್ನ ಮಗಳು ಡಾಕ್ಟರಾದರೆ ನನ್ನ ಮಂಡಿ ನೋವಿಗೆ ಏನಾದರೂ ಬರೆದುಕೊಡಲಿ ಎಂದು ಈಗಲೂ ಕೇಳುವ ಆಸಾಮಿ ಅವನು. ಇರುವೆಗೆ ಮಂಡಿ ನೋವು ಬಂದರೆ ಮಾತ್ರ ಅವಳು ನೋಡುತ್ತಾಳೆ ಎಂದು ನಾನೂ ಈಗಲೂ ಹೇಳುತ್ತೇನೆ.

ನೀನು ಊರಿಗೇ ಬರಬಹುದು ಎಂಬ ಮಾತು ಓದಿದಾಗಿನಿಂದ ನನ್ನ ಕೈ ನಿಂತಲ್ಲಿ ನಿಲ್ಲುತ್ತಿಲ್ಲ. ನಿನ್ನೆ ಒಬ್ಬರ ಅಂಗಿಗೆ ಜೇಬನ್ನು ಒಳಗಡೆ ಹೊಲಿದುಬಿಟ್ಟೆ. ನಿನ್ನ ಕೋಣೆಯಲ್ಲಿ ತುಂಬಿರುವ ಬಟ್ಟೆಯ ಥಾನುಗಳನ್ನು ಎಲ್ಲಿಗೆ ಸಾಗಿಸುವುದು ಎಂದು ಈಗಲೇ ಲೆಕ್ಕ ಹಾಕುತ್ತಿದ್ದೇನೆ. ಬೇಡ ಎಂದರೂ ಮನಸ್ಸು ಕೇಳುವುದಿಲ್ಲ.

ಈಗ ಮುಖ್ಯ ವಿಷಯ. ಮೊನ್ನೆ ಒಬ್ಬರು ಕೋಟು ಹೊಲಿಸಲು ಬಂದರು. ಎತ್ತರದ ಆಳು, ಬಿಳಿ ಗಡ್ಡ, ಬಲಗಡೆಯ ಭುಜ ಒಂದು ಬೆರಳು ಇಳಿದಿದೆ. ಬಟ್ಟೆ ಆರಿಸಿದ ಮೇಲೆ ಯಾವಾಗಿಗೆ ಬೇಕು ಎಂದು ಕೇಳಿದೆ. ಮಾರ್ಚ್ ಮಧ್ಯದೊಳಗೆ ಆಗಬೇಕು, ವಿಶ್ವವಿದ್ಯಾಲಯದಲ್ಲಿ ಸಂದರ್ಶನ ನಡೆಸಲು ಕೂರುವುದಿದೆ, ಹಳೆಯ ಕೋಟಿನ ಗುಂಡಿ ಹಾಕಲು ಆಗುತ್ತಿಲ್ಲ ಎಂದರು. ಯಾವ ವಿಭಾಗ ಸ್ವಾಮಿ ಎಂದೆ. ಕೀಟಗಳ ವಿಭಾಗಕ್ಕೆ ಅವರೇ ಮುಖ್ಯಸ್ಥರಂತೆ! ಟೇಪು ನನ್ನ ಕೈಯಿಂದ ಜಾರಿ ಅವರ ಪಾದದ ಮೇಲೆ ಬಿತ್ತು. ಆವತ್ತು ಅವರಿಗೆ ಅವಸರವಿತ್ತು, ಅಳತೆಗೆ ಮತ್ತೆ ಬರುತ್ತೇನೆ ಎಂದು ಹೋದರು.

ಬಂದಾಗ ನಿನ್ನ ಬಗ್ಗೆ ಒಂದು ಮಾತು ಕಿವಿಗೆ ಹಾಕಲೇ? ದೊಡ್ಡದೇನೂ ಅಲ್ಲ. ನನ್ನ ಮಗಳೂ ಅರ್ಜಿ ಹಾಕಿದ್ದಾಳೆ ಎಂದು ಮಾತ್ರ.

ಹರಸುವ ಅಪ್ಪ


ಜನವರಿ 27

ಅಪ್ಪ,

ಹಾಕಬೇಡಿ. ಕೈ ಮುಗಿಯುತ್ತೇನೆ.

ಜಾಹೀರಾತಿನ ನಿಯಮವನ್ನು ಇದ್ದ ಹಾಗೆಯೇ ಬರೆಯುತ್ತೇನೆ, ಓದಿಕೊಳ್ಳಿ: ಅಭ್ಯರ್ಥಿಯಾಗಲಿ, ಅವರ ಕಡೆಯವರಾಗಲಿ ಆಯ್ಕೆ ಸಮಿತಿಯ ಸದಸ್ಯರ ಮೇಲೆ ಯಾವುದೇ ರೀತಿಯಲ್ಲಿ ಪ್ರಭಾವ ಬೀರಲು ಯತ್ನಿಸಿದಲ್ಲಿ ಅರ್ಜಿಯನ್ನು ತಿರಸ್ಕರಿಸಲಾಗುವುದು. ನೀವು ನನ್ನ ಅಪ್ಪ ಎಂದು ಹೇಳಿದರೂ ಅದು ಪ್ರಭಾವವೇ. ಹೋದ ವರ್ಷ ನನ್ನ ಜೊತೆಯವಳೊಬ್ಬಳ ಮಾವ ಸಮಿತಿಯವರೊಬ್ಬರಿಗೆ ಹಬ್ಬದ ಶುಭಾಶಯ ಹೇಳಲು ಹೋಗಿ, ಮಾತಿನ ನಡುವೆ ಇವಳ ಹೆಸರು ತೆಗೆದರು. ಅವಳನ್ನು ಸಂದರ್ಶನಕ್ಕೇ ಕರೆಯಲಿಲ್ಲ.

ಕೋಟು ಹೊಲಿಯುವುದಿಲ್ಲ ಎಂದು ಹೇಳಿಬಿಡಿ ಎಂದು ಬರೆಯಲು ಹೊರಟಿದ್ದೆ. ಒಪ್ಪಿಕೊಂಡ ಕೋಟನ್ನು ಬಿಟ್ಟರೆ ಅದಕ್ಕೂ ಕಾರಣ ಕೇಳುತ್ತಾರೆ. ಹಾಗಾಗಿ ಹೊಲಿಯಿರಿ. ಆದರೆ ಕೆಲಸದ ವಿಷಯ ನೀವಾಗಿ ಎತ್ತಬೇಡಿ, ಅವರೇ ಎತ್ತಿದರೂ ಏನೂ ಕೇಳಬೇಡಿ. ಅಂಗಡಿಯಲ್ಲಿ ನನ್ನ ಪದವಿಯ ಫೋಟೋ ಇದೆಯಲ್ಲ, ಅದನ್ನೂ ಇಳಿಸಿ. ಸಿಟ್ಟಿನಿಂದ ಹೇಳುತ್ತಿಲ್ಲ ಅಪ್ಪ, ಹೆದರಿಕೆಯಿಂದ ಹೇಳುತ್ತಿದ್ದೇನೆ. ಇದು ಕೈ ತಪ್ಪಿದರೆ ನನಗೆ ಮತ್ತೊಂದಿಲ್ಲ.

ನಿಮ್ಮ ಮಾತಿಗೆ ಕಾದಿರುವ
ಮಗಳು


ಫೆಬ್ರವರಿ 8

ಮಗಳೇ,

ಅಪ್ಪಣೆಯಂತೆ ನಡೆದಿದ್ದೇನೆ. ನಿನ್ನ ಫೋಟೋ ಇಳಿಸಿ ಥಾನುಗಳ ಹಿಂದೆ ಇಟ್ಟಿದ್ದೇನೆ. ಬರೀ ಮೊಳೆ ಕಂಡು ಮನಸ್ಸಿಗೆ ಕಸಿವಿಸಿಯಾಯಿತು, ಔಷಧಿ ಅಂಗಡಿಯವನ ಹತ್ತಿರ ಕ್ಯಾಲೆಂಡರು ತಂದು ನೇತುಹಾಕಿದೆ. ಅದರಲ್ಲಿ ಒಂದು ಕೆಮ್ಮಿನ ಔಷಧಿಯ ಸೀಸೆಯ ಚಿತ್ರವಿದೆ.

ಗಡ್ಡದ ಮೇಷ್ಟರು ಅಳತೆಗೆ ಬಂದಿದ್ದರು. ಅವರು ಮೆಟ್ಟಿಲು ಹತ್ತುವುದು ಕಂಡ ಕೂಡಲೇ ಒಂದು ಹಿಡಿ ಗುಂಡುಸೂಜಿ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡೆ. ಅಳತೆ ತೆಗೆಯಲು ಗುಂಡುಸೂಜಿ ಬೇಕಿಲ್ಲ, ಅದು ನಿನಗೂ ಗೊತ್ತು. ಆದರೆ ನನ್ನ ಬಾಯಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಎದೆ, ಸೊಂಟ, ತೋಳು, ಎಲ್ಲಕ್ಕೂ ಹೂಂ ಹೂಂ ಎಂದೇ ಮುಗಿಸಿದೆ. ನೀವು ಬಹಳ ಮಿತಭಾಷಿ ಎಂದರು ಪುಣ್ಯಾತ್ಮರು. ನಿನ್ನ ಅತ್ತೆ ಇದನ್ನು ಕೇಳಿದ್ದರೆ ನಕ್ಕು ನಕ್ಕು ಕುರ್ಚಿಯಿಂದ ಬೀಳುತ್ತಿದ್ದಳು.

ಅವರು ಹೋದ ಮೇಲೆ ನೋಡಿದರೆ ಎದೆಯ ಅಳತೆಯನ್ನು ಎರಡು ಸಲ ಬರೆದುಕೊಂಡಿದ್ದೆ. ನಿನ್ನ ಬದುಕನ್ನು ತೀರ್ಮಾನಿಸುವ ಮನುಷ್ಯನ ಎದೆಯ ಸುತ್ತ ಟೇಪು ಹಿಡಿದು ನಿಂತಿದ್ದೇನೆ, ಒಂದು ಮಾತೂ ಆಡುವ ಹಾಗಿಲ್ಲ. ನನ್ನ ವಯಸ್ಸಿನವನಿಗೆ ಇದೆಲ್ಲ ಕಷ್ಟ ಕಣೇ.

ಬಾಯಿ ಮುಚ್ಚಿಕೊಂಡಿರುವ
ಅಪ್ಪ


ಫೆಬ್ರವರಿ 18

ಪ್ರೀತಿಯ ಅಪ್ಪ,

ಸಂದರ್ಶನಕ್ಕೆ ಕರೆ ಬಂದಿದೆ. ಮಾರ್ಚ್ 20. ನಿಮಗೆ ಹೇಳುವ ಮೊದಲು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಸಂತೋಷಕ್ಕೆ ಅತ್ತೆನೋ ಗಾಬರಿಗೆ ಅತ್ತೆನೋ ಗೊತ್ತಿಲ್ಲ.

ಕಷ್ಟವೆಂದರೆ ಮಾರನೆಯ ದಿನವೇ ಸಮುದ್ರದಾಚೆಯವರಿಂದಲೂ ಉತ್ತರ ಬಂತು. ನನ್ನನ್ನು ತೆಗೆದುಕೊಳ್ಳುತ್ತಾರಂತೆ. ಮಾರ್ಚ್ 8ರೊಳಗೆ ಹೌದೋ ಅಲ್ಲವೋ ಹೇಳಬೇಕು, ಸಹಿ ಹಾಕಿದ ಮೇಲೆ ಹಿಂದೆ ಸರಿಯುವ ಹಾಗಿಲ್ಲ. ಇನ್ನು ಎರಡು ವಾರ ಕಾಯಿರಿ ಎಂದು ಬೇಡಿಕೊಂಡೆ. ಆಗುವುದಿಲ್ಲ ಎಂದರು.

ಊಟ ಸೇರುತ್ತಿಲ್ಲ. ಇರುವೆಗಳ ಬೆನ್ನಿಗೆ ಬಣ್ಣದ ಚುಕ್ಕೆ ಇಡುವ ಕೆಲಸದಲ್ಲಿ ನನ್ನ ಕೈ ಎಂದೂ ಅಲುಗಿದ್ದಿಲ್ಲ, ಈ ವಾರ ಎರಡು ಇರುವೆಗಳಿಗೆ ಪೂರ್ತಿ ಸ್ನಾನವೇ ಆಯಿತು. ಕೊನೆಗೆ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಅವರಿಗೆ ಬರುವುದಿಲ್ಲ ಎಂದು ಬರೆದು ಸಂದರ್ಶನಕ್ಕೇ ಬರುತ್ತೇನೆ. ಅದೂ ಸಿಗದಿದ್ದರೆ ಮೇ ತಿಂಗಳ ಮೇಲೆ ಕೈಯಲ್ಲಿ ಏನೂ ಇರುವುದಿಲ್ಲ. ಆದರೂ ಒಂದು ಸಲವಾದರೂ ನನಗೆ ಬೇಕಾದದ್ದಕ್ಕೆ ಕೈ ಚಾಚಿದೆ ಅನ್ನಿಸಿಕೊಳ್ಳಬೇಕು. ಏಳನೆಯ ತಾರೀಖಿನವರೆಗೆ ಕಾದು ಉತ್ತರ ಕಳಿಸುತ್ತೇನೆ. ಧೈರ್ಯ ಕುಸಿಯದಂತೆ ನಾಲ್ಕು ಸಾಲು ಬರೆಯಿರಿ.

ನಿಮ್ಮ ಮಗಳು


ಫೆಬ್ರವರಿ 26

ಅಕ್ಕನಿಗೆ ತಮ್ಮನ ನಮಸ್ಕಾರ.

ತಾಯಿ ಹೋದ ಮೇಲೆ ಹುಡುಗಿಯನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವಳು ನೀನು. ಅದಕ್ಕೇ ಇದನ್ನು ನಿನಗೆ ಬರೆಯುತ್ತಿದ್ದೇನೆ. ಕೆಲಸದ ವಿಷಯ, ಕೋಟಿನ ವಿಷಯ ಎಲ್ಲ ನಿನಗೆ ಮೊದಲೇ ಹೇಳಿದ್ದೆ. ಸಮುದ್ರದಾಚೆಯ ಕೆಲಸ ಬಿಟ್ಟು ಇಲ್ಲಿಯ ಸಂದರ್ಶನಕ್ಕೆ ಬರುತ್ತೇನೆ ಎಂದು ಅವಳು ಈಗ ಬರೆದಿದ್ದಾಳೆ.

ಇವತ್ತು ಮೇಷ್ಟರು ಟ್ರಯಲ್ಲಿಗೆ ಬಂದಿದ್ದರು. ಕಚ್ಚಾ ಹೊಲಿಗೆ ಹಾಕಿದ ಕೋಟು ತೊಡಿಸಿ, ತೋಳು ಸರಿಮಾಡುತ್ತ ಅವರ ಬೆನ್ನ ಹಿಂದೆ ನಿಂತಿದ್ದೆ. ಬಾಯಿ ತುಂಬ ಗುಂಡುಸೂಜಿ. ನಾನು ಕೇಳದೆಯೇ ಅವರು ಕನ್ನಡಿ ನೋಡುತ್ತ ಮಾತು ತೆಗೆದರು.

"ಅಷ್ಟೊಂದು ಜನರನ್ನ ಕರೆದಿದ್ದೀವಿ, ದಿನವಿಡೀ ಕೂರಬೇಕು. ಸಂದರ್ಶನ ಅನ್ನೋದು ಶಾಸ್ತ್ರಕ್ಕೆ ಅಷ್ಟೆ. ನಮ್ಮೆಲ್ಲರ ಮನಸ್ಸಲ್ಲೂ ಒಬ್ಬರಿದ್ದಾರೆ, ಅವರಿಗೇ ಕೊಡೋದು ಅಂತ ಆಗಿಹೋಗಿದೆ. ಮಿಕ್ಕವರು ಪಾಪ, ಸುಮ್ಮನೆ ಬಂದು ಹೋಗ್ತಾರೆ."

ಇಷ್ಟೇ ಮಾತು, ಇದೇ ಮಾತು. ಒಂದು ಸೂಜಿ ನನ್ನ ತುಟಿಗೇ ಚುಚ್ಚಿತು. ಯಾರು ಸ್ವಾಮಿ ಅವರು ಎಂದು ಕೇಳಬೇಕೆಂದರೆ ಬಾಯಲ್ಲಿ ಸೂಜಿ. ಸೂಜಿ ತೆಗೆದರೂ ಕೇಳುವ ಹಾಗಿಲ್ಲ, ಅವಳಿಗೆ ಮಾತು ಕೊಟ್ಟಿದ್ದೇನೆ. ಕೇಳಿದರೆ ನಿಮಗೇಕೆ ಎನ್ನುತ್ತಾರೆ, ನನ್ನ ಮಗಳು ಎಂದು ಬಾಯಿಂದ ಬಂದೇಬಿಡುತ್ತದೆ. ಮತ್ತೆ ಕೇಳುವುದಾದರೂ ಏನು? ಅಲ್ಲಿಯೇ ವರ್ಷಗಟ್ಟಲೆ ಪಾಠ ಮಾಡುತ್ತಿರುವವರೊಬ್ಬರು ಇದ್ದಾರೆ ಎಂದು ಅವಳೇ ಬರೆದಿದ್ದಳಲ್ಲ.

ಅವಳಿಗೆ ಹೇಳಿದರೆ ಆಸೆ ಮುರಿದ ಹಾಗೆ. ಹೇಳದಿದ್ದರೆ ಕೈಯಲ್ಲಿರುವುದನ್ನೂ ಬಿಟ್ಟು ಇಲ್ಲಿಗೆ ಬಂದು ಬರಿಗೈಯಲ್ಲಿ ನಿಲ್ಲುತ್ತಾಳೆ. ಧೈರ್ಯ ಹೇಳಿ ಬರೆಯಿರಿ ಎಂದಿದ್ದಾಳೆ. ಯಾವ ಬಾಯಲ್ಲಿ ಹೇಳಲಿ ಅಕ್ಕ? ಬೇಗ ಬರೆ.

ನಿನ್ನ ತಮ್ಮ


ಮಾರ್ಚ್ 1

ತಮ್ಮಾ,

ಇದರಲ್ಲಿ ಕೇಳುವುದೇನಿದೆ. ಹೇಳಿಬಿಡು. ನೀನು ಧೈರ್ಯ ತುಂಬಿ ಕರೆಸಿಕೊಂಡು, ಆಮೇಲೆ ನನಗೆ ಮೊದಲೇ ಗೊತ್ತಿತ್ತು ಎಂದರೆ ಅವಳು ನಿನ್ನ ಮುಖ ನೋಡುತ್ತಾಳೆಯೇ?

ಅವಳು ಶಾಲೆಯ ನಾಟಕಕ್ಕೆ ಹೆಸರು ಕೊಟ್ಟಾಗಲೂ ಹೀಗೇ ಆಗಿತ್ತು. ರಾಣಿಯ ಪಾತ್ರ ಮುಖ್ಯೋಪಾಧ್ಯಾಯರ ಮಗಳಿಗೆ ಎಂದು ಊರಿಗೆಲ್ಲ ಗೊತ್ತಿತ್ತು, ಇವಳೊಬ್ಬಳು ಮಾತು ಬಾಯಿಪಾಠ ಮಾಡುತ್ತ ಕೂತಿದ್ದಳು. ನಮ್ಮಂಥವರಿಗೆ ಯಾರು ಎದ್ದು ಕುರ್ಚಿ ಕೊಡುತ್ತಾರೆ. ಇದ್ದದ್ದನ್ನು ಹಿಡಿದುಕೊಳ್ಳಲಿ. ಸುತ್ತಿ ಬಳಸಬೇಡ, ನೇರವಾಗಿ ಬರೆ. ತುಟಿಗೆ ಏನಾದರೂ ಹಚ್ಚಿಕೋ.

ಅಕ್ಕ


ಮಾರ್ಚ್ 3

ಮಗಳೇ,

ಇದನ್ನು ಫೋನಿನಲ್ಲಿ ಹೇಳಲು ನನ್ನಿಂದಾಗಲಿಲ್ಲ, ಅರ್ಜೆಂಟು ಅಂಚೆಯಲ್ಲಿ ಕಳಿಸುತ್ತಿದ್ದೇನೆ, ಏಳರೊಳಗೆ ನಿನ್ನ ಕೈ ಸೇರಲಿ ಎಂದು. ನೀನು ನಾಲ್ಕು ಸಾಲು ಧೈರ್ಯ ಕೇಳಿದ್ದೆ. ನನ್ನ ಹತ್ತಿರ ಅದಿಲ್ಲ.

ಮೇಷ್ಟರು ಕೋಟು ತೊಟ್ಟುಕೊಂಡು ತಾವಾಗಿಯೇ ಆಡಿದ ಮಾತು ಇದು, ನಾನು ಏನನ್ನೂ ಕೇಳಲಿಲ್ಲ: "ಸಂದರ್ಶನ ಅನ್ನೋದು ಶಾಸ್ತ್ರಕ್ಕೆ ಅಷ್ಟೆ. ನಮ್ಮೆಲ್ಲರ ಮನಸ್ಸಲ್ಲೂ ಒಬ್ಬರಿದ್ದಾರೆ, ಅವರಿಗೇ ಕೊಡೋದು ಅಂತ ಆಗಿಹೋಗಿದೆ. ಮಿಕ್ಕವರು ಪಾಪ, ಸುಮ್ಮನೆ ಬಂದು ಹೋಗ್ತಾರೆ."

ಆಮೇಲೆ ಗಂಟೆ ನೋಡಿಕೊಂಡು ಹೊರಟುಹೋದರು. ನಾನು ಆ ಕೋಟನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಮೇಜಿನ ಮೇಲೆ ಕತ್ತರಿಯಿತ್ತು. ಏನು ಮಾಡಬೇಕೆನಿಸಿತು ಎಂದು ಬರೆಯುವುದಿಲ್ಲ. ಕೊನೆಗೆ ಕೂತು ತೋಳು ಹೊಲಿದೆ, ಅವರ ಇಳಿದ ಭುಜ ಕಾಣದ ಹಾಗೆ ಒಳಗೆ ಹತ್ತಿಯ ಪದರ ಕೊಟ್ಟೆ.

ನೀನು ಬರುವುದು ಬೇಡ ಎಂದು ನಾನು ಹೇಳುವುದಿಲ್ಲ. ಬಂದರೆ ಬಾಗಿಲು ತೆರೆದಿದೆ. ಗೊತ್ತಿದ್ದೂ ಹೇಳದೆ ಇರುವುದು ನನ್ನಿಂದ ಆಗಲಿಲ್ಲ, ನಿನ್ನ ಅತ್ತೆಯೂ ಹೇಳಿಬಿಡು ಎಂದಳು. ನೀನೇ ನೋಡಿ ತೀರ್ಮಾನಿಸು.

ಅಪ್ಪ


ಮಾರ್ಚ್ 8

ಪ್ರೀತಿಯ ಅಪ್ಪ,

ಸಮುದ್ರದಾಚೆಯ ಕೆಲಸಕ್ಕೆ ಸಹಿ ಹಾಕಿ ಕಳಿಸಿದೆ. ಸಂದರ್ಶನಕ್ಕೆ ಬರುವುದಿಲ್ಲ, ಬೇರೆ ಕಡೆ ಕೆಲಸ ಸಿಕ್ಕಿದೆ ಎಂದು ನಮ್ಮೂರಿನ ವಿಶ್ವವಿದ್ಯಾಲಯಕ್ಕೂ ಎರಡು ಸಾಲು ಬರೆದೆ. ಏಪ್ರಿಲ್ ಇಪ್ಪತ್ತರ ಸುಮಾರಿಗೆ ಹೊರಡಬೇಕು. ಇಲ್ಲಿಯವರು ಒಂದು ತಿಂಗಳು ಮೊದಲೇ ಬಿಟ್ಟುಕೊಡುತ್ತಾರಂತೆ. ಅವರಿಗೂ ನಾನು ಹೊರಟರೆ ಒಂದು ಮೇಜು ಉಳಿಯುತ್ತದೆ.

ನೀವು ಪೇಚಾಡಿಕೊಳ್ಳಬೇಡಿ. ನಿಮ್ಮ ಕಾಗದ ಒಂದು ದಿನ ತಡವಾಗಿದ್ದರೆ ನನ್ನ ಗತಿ ಏನಾಗುತ್ತಿತ್ತು ಎಂದು ನೆನೆಸಿಕೊಂಡರೆ ಮೈ ಬೆವರುತ್ತದೆ. ಎಲ್ಲ ಬಿಟ್ಟು ಅಷ್ಟು ದೂರ ಬಂದು, ಒಳ್ಳೆಯ ಬಟ್ಟೆ ಹಾಕಿಕೊಂಡು, ಮೊದಲೇ ತೀರ್ಮಾನವಾದ ಕೆಲಸಕ್ಕೆ ನಗುನಗುತ್ತ ಉತ್ತರ ಹೇಳುತ್ತ ಕೂರುತ್ತಿದ್ದೆ. ನೀವು ನನ್ನನ್ನು ಉಳಿಸಿದಿರಿ. ನಿಮಗೆ ಹೇಳಲು ಎಷ್ಟು ಕಷ್ಟವಾಗಿರಬೇಕು ಎಂಬುದು ಅಕ್ಷರದಲ್ಲೇ ಕಾಣುತ್ತಿತ್ತು.

ಈ ವಾರ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ನಿಮ್ಮ ಋಣದಲ್ಲಿರುವ
ಮಗಳು


ಏಪ್ರಿಲ್ 2

ಮಗಳೇ,

ಈ ಕಾಗದವನ್ನು ಬರೆಯಬೇಡ ಎಂದು ನಿನ್ನ ಅತ್ತೆ ಹೇಳಿದ್ದಾಳೆ. ಹುಡುಗಿ ನೆಮ್ಮದಿಯಾಗಿ ಹೋಗಲಿ, ಇದು ನಮ್ಮಿಬ್ಬರ ನಡುವೆಯೇ ಇರಲಿ ಎಂದಳು. ಹತ್ತು ದಿನ ನಾನೂ ಹಾಗೇ ಅಂದುಕೊಂಡೆ. ನೀವು ನನ್ನನ್ನು ಉಳಿಸಿದಿರಿ ಎಂದು ನೀನು ಬರೆದ ಕಾಗದ ಮೆಷಿನ್ನಿನ ಡ್ರಾಯರಿನಲ್ಲಿದೆ. ನೂಲಿಗೆ ಕೈ ಹಾಕಿದಾಗಲೆಲ್ಲ ಅದೇ ಸಿಗುತ್ತದೆ. ನನ್ನಿಂದಾಗುವುದಿಲ್ಲ.

ಸಂದರ್ಶನವಾದ ಮಾರನೆಯ ದಿನ ಮೇಷ್ಟರು ಬಂದಿದ್ದರು, ಕೋಟಿನ ಕಂಕುಳ ಸ್ವಲ್ಪ ಬಿಗಿ ಎಂದು. ಮುಖ ಬಾಡಿತ್ತು. ಆಯಿತೇ ಸ್ವಾಮಿ ನಿಮ್ಮ ಕೆಲಸ ಎಂದು ಕೇಳಿದೆ. ಇನ್ನು ಕೇಳಿದರೆ ಕೆಡುವುದೇನಿದೆ ಎಂದುಕೊಂಡೆ.

"ಏನು ಆಗೋದು," ಎಂದರು. "ಯಾರು ಬೇಕಿತ್ತೋ ಅವಳೇ ಬರಲಿಲ್ಲ. ಇರುವೆಗಳು ಗೂಡು ಹೇಗೆ ಬದಲಾಯಿಸ್ತವೆ ಅಂತ ಕೆಲಸ ಮಾಡಿದ ಹುಡುಗಿ. ಅವಳು ಬರೆದಿದ್ದನ್ನೆಲ್ಲ ಸಮಿತಿಯವರು ಓದಿಬಿಟ್ಟಿದ್ದರು, ಎಲ್ಲರಿಗೂ ಅವಳೇ ಆಗಬೇಕಿತ್ತು. ಬೇರೆ ಕಡೆ ಸಿಕ್ಕಿದೆ ಅಂತ ಎರಡು ಸಾಲು ಬರೆದುಬಿಟ್ಟಳು."

ಅವಳು ನನ್ನ ಮಗಳು ಎಂದೆ. ಥಾನುಗಳ ಹಿಂದಿನಿಂದ ಫೋಟೋ ತೆಗೆದು ತೋರಿಸಿದೆ. ಅವರು ಗಿರಾಕಿಗಳ ಸ್ಟೂಲಿನ ಮೇಲೆ ಕೂತುಬಿಟ್ಟರು. ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹೇಳಿದರೆ ಅರ್ಜಿ ತಿರಸ್ಕರಿಸುತ್ತೇವೆ ಎಂದು ನೀವೇ ಅಚ್ಚು ಹಾಕಿಸಿದ್ದಿರಲ್ಲ ಎಂದೆ. ಈಗ ಏನಾದರೂ ಮಾಡಲಾಗುತ್ತದೆಯೇ ಎಂದು ನಾಚಿಕೆ ಬಿಟ್ಟು ಕೇಳಿದೆ. ಅಲ್ಲಿಯೇ ಪಾಠ ಮಾಡುತ್ತಿದ್ದವರಿಗೆ ಆದೇಶ ಹೋಗಿಯಾಗಿದೆ ಎಂದರು. ಮುಂದಿನ ಹುದ್ದೆ ಯಾವಾಗ ಬರುತ್ತದೋ ಅವರಿಗೂ ಗೊತ್ತಿಲ್ಲ.

ಸಿಕ್ಕಿದ್ದನ್ನು ನಿನ್ನ ಕೈಯಿಂದ ಬಿಡಿಸಿದವನು ನಾನು. ನಿನಗೆ ಬಯ್ಯಬೇಕೆನಿಸಿದರೆ ಬಯ್ಯಿ. ಬರೆಯದೆ ಮಾತ್ರ ಇರಬೇಡ.

ಅಪ್ಪ


ಏಪ್ರಿಲ್ 19

ಅಪ್ಪ,

ಇಷ್ಟು ದಿನ ಬರೆಯದೆ ಇದ್ದದ್ದು ನಿಮ್ಮನ್ನು ನೋಯಿಸಲಿಕ್ಕೇ ಇರಬೇಕು. ತುಂಬ ಸಿಟ್ಟು ಬಂದಿತ್ತು. ನಿಮ್ಮ ಮೇಲೆ, ಆ ಮೇಷ್ಟರ ಮೇಲೆ, ಗುಂಡುಸೂಜಿಗಳ ಮೇಲೆ. ಮೂರು ಉತ್ತರ ಬರೆದು ಹರಿದೆ. ಅವು ನಿಮ್ಮ ಕೈ ಸೇರದಿದ್ದದ್ದು ಒಳ್ಳೆಯದಾಯಿತು.

ಪೆಟ್ಟಿಗೆ ಕಟ್ಟುವಾಗ ನಿಮ್ಮ ಮಾರ್ಚ್ ಮೂರರ ಕಾಗದ ತೆಗೆದು ಮತ್ತೆ ಓದಿದೆ. ಅವರು ಆಡಿದ್ದನ್ನು ಆಡಿದ ಹಾಗೆಯೇ ಬರೆದಿದ್ದೀರಿ. ನೀವು ಒಂದಕ್ಷರ ಸೇರಿಸಿಲ್ಲ. ಆ ಒಬ್ಬರು ಯಾರು ಎಂದು ಅದರಲ್ಲಿ ಎಲ್ಲೂ ಇಲ್ಲ. ಇರುವೆಯೊಂದು ಎಡಕ್ಕೆ ತಿರುಗಿತು ಎಂದು ಬರೆಯಬೇಕಾದರೂ ನಾನು ಹತ್ತು ಸಲ ನೋಡಿ ಬರೆಯುವವಳು. ಅಲ್ಲಿ ಎರಡನೆಯ ಸಲ ನೋಡಲಿಲ್ಲ. ಓದಿದೆ, ನಂಬಿದೆ, ಸಹಿ ಹಾಕಿದೆ. ನಿಮ್ಮ ಬಾಯಲ್ಲಿ ಸೂಜಿ ಇತ್ತು, ನನ್ನ ಬಾಯಲ್ಲಿ ಏನಿತ್ತು? ಆ ವಿಭಾಗಕ್ಕೆ ಒಂದು ಫೋನು ಮಾಡಿ ನಾನು ಬರುವುದರಲ್ಲಿ ಅರ್ಥವಿದೆಯೇ ಎಂದು ಕೇಳಬಹುದಿತ್ತು. ಕೇಳಬೇಕೆಂದೂ ಹೊಳೆಯಲಿಲ್ಲ.

ನಾಡಿದ್ದು ಹೊರಡುತ್ತೇನೆ. ಹೋಗಿ ಸೇರಿದ ಮೇಲೆ ವಿಳಾಸ ಕಳಿಸುತ್ತೇನೆ. ನಾನೇ ಬಿಡಿಸಿದೆ ಎಂದು ನೀವು ಇನ್ನೊಮ್ಮೆ ಬರೆಯಬೇಡಿ. ನನ್ನ ತಲೆಯಲ್ಲಿ ಈಗ ಬೇರೆಯೇ ಒಂದು ಪ್ರಶ್ನೆ ಕೊರೆಯುತ್ತಿದೆ, ಅದಕ್ಕೆ ಉತ್ತರ ಗೊತ್ತಿದ್ದರೆ ಬರೆಯಿರಿ. ಎಲ್ಲರ ಮನಸ್ಸಿನಲ್ಲೂ ಒಬ್ಬರಿದ್ದಾರೆ ಎಂದು ಅವರು ಹೇಳಿದಾಗ, ಆ ಒಬ್ಬರು ನಾನಿರಬಹುದು ಎಂದು ನಿಮಗೆ ಅನ್ನಿಸಲಿಲ್ಲ. ಅತ್ತೆಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಯಾಕಪ್ಪ?

ನಿಮ್ಮ ಮಗಳು